ರಾಡಿ ನೀರಿಗೆ ಲ್ಯೂಮೆನ್ ಒಂದೇ ಸಾಲದು

ಪ್ರಶ್ನೆ: ನಾನು ಡೈವಿಂಗ್ ಕಲಿತದ್ದು ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಈಗ ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿನ ಕ್ಲಬ್ಬಿನವರು ಚಳಿಗಾಲದಲ್ಲೂ ಸ್ಟೋನಿ ಕೋವ್‌ನಲ್ಲಿ ಇಳಿಯುತ್ತಾರೆ. ಡ್ರೈಸೂಟ್ (ಒಳಗೆ ನೀರು ಬಾರದ ಡೈವಿಂಗ್ ಉಡುಪು) ಕೋರ್ಸ್ ಮುಗಿಯಿತು, ಇನ್ನು ಒಂದು ಮುಖ್ಯ ಲೈಟ್ ಬೇಕು. ಹತ್ತು ಸಾವಿರ ಲ್ಯೂಮೆನ್‌ನದ್ದು (ಲೈಟ್ ಕೊಡುವ ಒಟ್ಟು ಬೆಳಕಿನ ಅಳತೆ) ಆಫರ್‌ನಲ್ಲಿದೆ. ಬೆಳಕು ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?
– ಓದುಗರೊಬ್ಬರು, ಲೆಸ್ಟರ್

ಉತ್ತರ: ಅಲ್ಲ. ಆ ಆಫರ್ ಬಿಟ್ಟುಬಿಡಿ. ಅಷ್ಟು ಲ್ಯೂಮೆನ್‌ನ ಲೈಟ್‌ಗಳು ಹೆಚ್ಚಾಗಿ ವಿಡಿಯೊ ಮಾಡುವವರಿಗೆ ಅಂತ ಇರುವಂಥವು, ಬೀಮ್ ನೂರು ಡಿಗ್ರಿ ಆಚೀಚೆ ಹರಡಿಕೊಂಡಿರುತ್ತದೆ. ನೇತ್ರಾಣಿಯ ತಿಳಿ ನೀರಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ರಾಡಿಯಲ್ಲಿ ಹಾಗಲ್ಲ, ನೀರಲ್ಲಿ ತೇಲುವ ಒಂದೊಂದು ಕಣವೂ ಆ ಬೆಳಕನ್ನು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ, ಎದುರಿಗೆ ಬಿಳಿ ಗೋಡೆ ಬಿಟ್ಟರೆ ಏನೂ ಕಾಣಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತದೋ ಅದೇ ಕಥೆ.

ಸ್ಟೋನಿ ಕೋವ್ ನೀರು ತುಂಬಿದ ಹಳೆಯ ಗ್ರಾನೈಟ್ ಕ್ವಾರಿ. ತಳದಲ್ಲಿ ಕೂತಿರುವ ಕೆಸರು ನುಣ್ಣಗಿನ ಹುಡಿ. ಸುಮಾರು 20 ಮೀಟರ್ ಆಳದಲ್ಲಿ ಸ್ಟೇನ್‌ಗಾರ್ತ್ ಅನ್ನುವ ಹಳೆಯ ಟಗ್ ದೋಣಿ ಇದೆ, 2000ರಲ್ಲಿ ಡೈವರ್‌ಗಳಿಗಾಗಿಯೇ ಮುಳುಗಿಸಿದ್ದು. ವಾರಾಂತ್ಯದಲ್ಲಿ ಅದರ ಸುತ್ತ ಕಲಿಯುವವರ ಗುಂಪು ಇರುತ್ತದೆ, ಯಾರೋ ಒಬ್ಬರು ಕಾಲಿನ ಫಿನ್ ಕೆಳಗೆ ಬಡಿದರೆ ಸಾಕು, ಪಕ್ಕದಲ್ಲಿದ್ದ ಡೈವ್ ಜೊತೆಗಾರ ಮಾಯ! ಆಗ ನಿಮ್ಮನ್ನು ಅವರಿಗೆ ತೋರಿಸುವುದು ಲೈಟೇ. ಅದನ್ನು ನೆಲದ ಮೇಲೆ ನಿಧಾನಕ್ಕೆ ಸುತ್ತು ಹಾಕಿದರೆ ಓಕೆ, ನಿಧಾನಕ್ಕೆ ಆಚೀಚೆ ಆಡಿಸಿದರೆ 'ಇಲ್ಲಿ ನೋಡು', ಜೋರಾಗಿ ಆಡಿಸಿದರೆ ಅಪಾಯ. ಹರಡಿದ ಬೆಳಕಲ್ಲಿ ಈ ಸನ್ನೆ ಯಾವುದೂ ಎದ್ದು ಕಾಣುವುದಿಲ್ಲ.

ಹಾಗಾಗಿ ಆರರಿಂದ ಹತ್ತು ಡಿಗ್ರಿಯ ಕಿರಿದಾದ ಬೀಮ್ ಹುಡುಕಿ. ಸಾವಿರ, ಸಾವಿರದೈನೂರು ಲ್ಯೂಮೆನ್ ಇದ್ದರೂ ಧಾರಾಳ. ಪರೀಕ್ಷೆ ಸುಲಭ: ಕತ್ತಲೆ ಕೋಣೆಯಲ್ಲಿ ಒಂದು ಮೀಟರ್ ದೂರದ ಗೋಡೆಗೆ ಬಿಟ್ಟು ನೋಡಿ. ಎಂಟು ಡಿಗ್ರಿಯದ್ದಾದರೆ ಮಧ್ಯದ ಚುಕ್ಕೆ ಸುಮಾರು 14 ಸೆಂಟಿಮೀಟರ್, ಅಂದರೆ ಒಂದು ಗೇಣೂ ಇರಲ್ಲ. ಅಂಚು ಚೂಪಾಗಿರಬೇಕು, ಸುತ್ತಲಿನ ಮಬ್ಬು ಬೆಳಕು ಕಡಿಮೆ ಇರಬೇಕು. ನೀರಲ್ಲಿ ಲೈಟನ್ನು ಮುಖದ ಹತ್ತಿರ ಹಿಡಿಯಬೇಡಿ, ಕೈ ಚಾಚಿ ಪಕ್ಕಕ್ಕೆ ಹಿಡಿದಷ್ಟೂ ಕಣ್ಣಿಗೆ ವಾಪಸ್ ಬರುವ ಬೆಳಕು ಕಡಿಮೆ.

ಇನ್ನು ಸ್ವಿಚ್. ಎಲ್ಲರೂ ಕೊನೆಗೆ ಯೋಚಿಸುವ ವಿಷಯ ಇದು, ನನ್ನ ಪ್ರಕಾರ ಬೀಮ್‌ನಷ್ಟೇ ಮುಖ್ಯ. ಚಳಿಗಾಲದಲ್ಲಿ ಅಲ್ಲಿನ ನೀರು ಐದಾರು ಡಿಗ್ರಿಗೆ ಇಳಿಯುತ್ತದೆ. ಅರ್ಧ ಗಂಟೆ ಆಗುವಷ್ಟರಲ್ಲಿ ದಪ್ಪ ಗ್ಲೌಸ್ ಒಳಗೂ ಬೆರಳು ಮರಗಟ್ಟಿರುತ್ತವೆ. ಒಮ್ಮೆ ಒತ್ತಿದರೆ ಆನ್, ಎರಡು ಸಲ ಒತ್ತಿದರೆ ಡಿಮ್, ಒತ್ತಿ ಹಿಡಿದರೆ ಆಫ್ ಅನ್ನುವಂಥ ಸಣ್ಣ ಬಟನ್ ಅಲ್ಲಿ ಕೆಲಸಕ್ಕೆ ಬರಲ್ಲ. ತಳ್ಳುವ ಅಥವಾ ತಿರುಗಿಸುವ ದೊಡ್ಡ ಸ್ವಿಚ್ ಇರಲಿ. ಗ್ಲೌಸ್ ತಗೊಂಡೇ ಅಂಗಡಿಗೆ ಹೋಗಿ, ಒಂದೇ ಕೈಯಲ್ಲಿ ಆನ್ ಆಫ್ ಮಾಡಿ ನೋಡಿ. ಅಂಗಡಿಯವರು ನಕ್ಕರೆ ನಗಲಿ. ಅಂಗೈ ಹಿಂಭಾಗದ ಮೇಲೆ ಕೂರುವ ಗುಡ್‌ಮನ್ ಹ್ಯಾಂಡಲ್ ಇದ್ದರೆ ಬೆರಳು ಬಿಡುವಾಗಿರುತ್ತವೆ, ಡ್ರೈಸೂಟಿಗೆ ಗಾಳಿ ತುಂಬುವ ಬಟನ್ ಒತ್ತಲೂ ಆಗುತ್ತದೆ. ಆದರೆ ಗ್ಲೌಸ್ ಹಾಕಿದ ಕೈ ಅದರೊಳಗೆ ತೂರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಬ್ಯಾಟರಿ ಲಿಥಿಯಂ ಅಯಾನ್ ಆಗಿರಲಿ. ಥಂಡಿಗೆ ಅದೂ ಸ್ವಲ್ಪ ಸೊರಗುತ್ತದೆ, ಆಲ್ಕಲೈನ್ ಸೆಲ್ ಅಂತೂ ಬೇಗ ಕೈಕೊಡುತ್ತದೆ. ಬಾಕ್ಸ್ ಮೇಲಿನ ಗಂಟೆಗಳನ್ನು ಹಾಗೇ ನಂಬಬೇಡಿ. ಟಾರ್ಚ್‌ಗಳನ್ನು ಅಳೆಯುವ ಎಫ್‌ಎಲ್-1 ಮಾನದಂಡದ ಪ್ರಕಾರ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಲೈಟ್ ಉರಿಯುತ್ತಿದೆ ಅಂತಲೇ ಲೆಕ್ಕ! ನಿಮಗೆ ಬೇಕಾದದ್ದು ಪೂರ್ತಿ ಬೆಳಕು ಎಷ್ಟು ಹೊತ್ತು ಅನ್ನುವುದು. ದಿನಕ್ಕೆ ಎರಡು ಡೈವ್ ಮಾಡುವುದಾದರೆ ಆ ಹೊತ್ತು ಎರಡು ಗಂಟೆಗಿಂತ ಕಡಿಮೆ ಇರಬಾರದು.

ಪ್ರಶ್ನೆ: ಸಿಯಾಟಲ್ ಹತ್ತಿರ ಪ್ಯೂಜೆಟ್ ಸೌಂಡ್ ಅನ್ನುವ ಕೊಲ್ಲಿಯಲ್ಲಿ ಡೈವ್ ಮಾಡುತ್ತೇನೆ. ಬ್ಯಾಕಪ್ ಲೈಟ್‌ಗೂ ಅಷ್ಟೇ ದುಡ್ಡು ಹಾಕಬೇಕಾ?
– ಓದುಗರೊಬ್ಬರು, ಸಿಯಾಟಲ್

ಉತ್ತರ: ಬೇಡ. ಬ್ಯಾಕಪ್ ಚಿಕ್ಕದಿರಲಿ, ಸರಳವಿರಲಿ, ಬೀಮ್ ಮಾತ್ರ ಕಿರಿದಾಗಿರಲಿ. ಅದರ ಕೆಲಸ ನಿಮ್ಮನ್ನು ಮೇಲಕ್ಕೆ ತಲುಪಿಸುವುದು. ಮುಖ್ಯ ಲೈಟ್ ಆರಿದರೆ ಡೈವ್ ಅಲ್ಲಿಗೆ ಮುಗಿಯಿತು, ಬ್ಯಾಕಪ್ ಹಿಡಿದು ಆಕ್ಟೋಪಸ್ ಹುಡುಕುತ್ತಾ ಕೂರಬೇಡಿ. ನಿಮ್ಮಲ್ಲಿ ಬೇಸಿಗೆಯಲ್ಲಿ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಬೆಳೆದು ಮೇಲಿನ ನೀರು ಹಸಿರು ಗಂಜಿಯಾದಾಗ ಕೆಳಗೆ ಹಗಲಲ್ಲೂ ಕತ್ತಲೆ, ಹಾಗಾಗಿ ರಾತ್ರಿ ಡೈವ್‌ಗೆ ಮಾತ್ರ ಬ್ಯಾಕಪ್ ಅನ್ನುವ ಲೆಕ್ಕಾಚಾರ ನಡೆಯಲ್ಲ.

ಪ್ರಶ್ನೆ: ಊರಿಗೆ ಬರುವಾಗ ಡೈವ್ ಲೈಟನ್ನು ವಿಮಾನದಲ್ಲಿ ತರಬಹುದಾ?
– ಓದುಗರೊಬ್ಬರು, ದುಬೈ

ಉತ್ತರ: ತರಬಹುದು. ಬ್ಯಾಟರಿ ಹೊರಗೆ ತೆಗೆದು, ತುದಿಗಳಿಗೆ ಟೇಪ್ ಹಚ್ಚಿ ಕೈಚೀಲದಲ್ಲೇ ಇಡಿ, ಚೆಕ್-ಇನ್ ಬ್ಯಾಗಿಗೆ ಬಿಡಿ ಬ್ಯಾಟರಿ ಹಾಕುವಂತಿಲ್ಲ. ಈ ಲೈಟ್‌ಗಳು ನೀರಿನ ಹೊರಗೆ ಆನ್ ಆದರೆ ವಿಪರೀತ ಬಿಸಿಯಾಗುತ್ತವೆ, ಬ್ಯಾಟರಿ ಹೊರಗೆ ತೆಗೆಯಬೇಕಾದದ್ದು ಅದಕ್ಕೇ. ಬ್ಯಾಟರಿ 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು. ವೋಲ್ಟೇಜನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 3.6 ವೋಲ್ಟ್, 5 ಆಂಪಿಯರ್-ಅವರ್‌ನ ಒಂದು ಸೆಲ್ ಬರೀ 18. ಬ್ಯಾಟರಿ ಬೇರೆ ಡಬ್ಬಿಯಲ್ಲಿರುವ ದೊಡ್ಡ ಕ್ಯಾನಿಸ್ಟರ್ ಲೈಟ್ ಇದ್ದರೆ ಏರ್‌ಲೈನ್‌ಗೆ ಮೊದಲೇ ಒಂದು ಮೇಲ್ ಹಾಕಿ, ಅವರ ಉತ್ತರದ ಪ್ರಿಂಟ್ ಜೊತೆಗಿರಲಿ.