ಕಿಸುಕಾಡಿನ ಅಕ್ಕಾದೇವಿ, ಬನವಾಸಿಯ ಅಕ್ಕಾದೇವಿ ಒಬ್ಬರೇನಾ?
ಒಬ್ಬಳೇ, 11ನೇ ಶತಮಾನದ ಚಾಲುಕ್ಯ ರಾಜಕುಮಾರಿ. ಶಾಸನಗಳಲ್ಲಿ ನಿಮಗೆ ಇಬ್ಬರಂತೆ ಕಂಡಿದ್ದು ಬಹುಶಃ ನಾಡಿನ ಹೆಸರು ಬದಲಾಗಿರುವುದರಿಂದ. ಆಗ ಅರಸು ಮನೆತನದವರಿಗೆ ಆಳಲು ಕೊಟ್ಟ ನಾಡು ಆಗಾಗ ಬದಲಾಗುತ್ತಿತ್ತು, ಕೂಡಿಕೊಳ್ಳುತ್ತಿತ್ತು.

ಶಾಸನದಲ್ಲಿ ಮೊದಲು ಬಿರುದು ನೋಡಿ: 'ಗುಣದಬೆಡಂಗಿ' ಇದ್ದರೆ ಇವಳೇ. ಆಮೇಲೆ ನಂಟು: ಕಲ್ಯಾಣ ಚಾಲುಕ್ಯ 2ನೇ ಜಯಸಿಂಹನ ಒಡಹುಟ್ಟಿದವಳು, 1ನೇ ಸೋಮೇಶ್ವರನಿಗೆ ಸೋದರತ್ತೆ. ಮೂರನೆಯದಾಗಿ ನಾಡಿನ ಸಂಖ್ಯೆ. ಕಿಸುಕಾಡು 70, ಬನವಾಸಿ 12000 ಅಂದರೆ ವಾಡಿಕೆಯ ಹಳ್ಳಿಲೆಕ್ಕ. ಜನಸಂಖ್ಯೆಯೂ ಅಲ್ಲ, ಸೈನ್ಯವೂ ಅಲ್ಲ. 12000ವನ್ನಂತೂ ಅಕ್ಷರಶಃ ಎಣಿಸಲು ಹೋಗಬೇಡಿ.

ಇಸವಿ ಒಂದು ವರ್ಷ ಆಚೀಚೆ ಬರುವುದು ಶಾಸನದ ಶಕ ವರ್ಷವನ್ನು ಇಸವಿಗೆ ಬದಲಿಸುವುದರಿಂದ. ಸಾಮಾನ್ಯವಾಗಿ ಶಕಕ್ಕೆ 78 ಕೂಡಿಸಿ: ಶಕ 969 ಅಂದರೆ 1047, ಆಕೆ ಗೋಕಾಗೆ (ಈಗಿನ ಗೋಕಾಕ) ಕೋಟೆಗೆ ಮುತ್ತಿಗೆ ಹಾಕಿದ ವರ್ಷ. ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ 79 ಕೂಡಿಸಿ. ಪುಷ್ಯ ಎರಡೂ ಕಡೆ ಬೀಳಬಹುದು, ವಾರ-ತಿಥಿ ತಾಳೆ ನೋಡಿಯೇ ಬರೆಯಿರಿ. ಸಂವತ್ಸರದ ಹೆಸರು ಶಕಕ್ಕೆ ಹೊಂದದಿದ್ದರೆ ನಾನಾದರೆ ಸಂವತ್ಸರವನ್ನೇ ನಂಬುತ್ತೇನೆ. ಅಂಕಿಗಿಂತ ಅದರಲ್ಲಿ ತಪ್ಪು ಕಡಿಮೆ.

ಅಂದಹಾಗೆ, ನಿಮ್ಮ ಟಿಪ್ಪಣಿಯಲ್ಲಿ 'ಅಕ್ಕ' ಎಂದಷ್ಟೇ ಬರೆದಿದ್ದೀರಿ. ವಚನಕಾರ್ತಿ ಅಕ್ಕಮಹಾದೇವಿ ನೂರು ವರ್ಷ ಈಚಿನವಳು. ಪೂರ್ತಿ ಹೆಸರು ಹಾಕಿ.