ದಾಲ್ ಮಿಲ್ ಪ್ಯಾನೆಲ್ ರೂಮಿನಲ್ಲಿ ಶಾಕ್ ಹೊಡೆದವರನ್ನು ಬಿಡಿಸಲು ಏನೇನು ಇಟ್ಟಿರಬೇಕು?

ಕಲಬುರಗಿಯ ತೊಗರಿಬೇಳೆ ಮಿಲ್ಲಿನ 415 ವೋಲ್ಟ್ ಪ್ಯಾನೆಲ್ ಎಂದುಕೊಂಡು ಹೇಳುತ್ತೇನೆ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಮಾತ್ರ ರೆಸ್ಕ್ಯೂ ಹುಕ್, ಅಂದರೆ ಶಾಕ್ ಹೊಡೆದವರನ್ನು ದೂರದಿಂದ ಎಳೆಯುವ ಉದ್ದ ಕೋಲಿನ ಕೊಕ್ಕೆ. ಫೈಬರ್‌ಗ್ಲಾಸ್ ಕೋಲಿನ, ಪರೀಕ್ಷೆಯಾದ ಹುಕ್ಕನ್ನು ಬಾಗಿಲ ಹೊರಗೇ ತೂಗುಹಾಕಿ. ಬೀಗದೊಳಗಿದ್ದರೆ ಇದ್ದೂ ಇಲ್ಲದಂತೆ. ಕೋಲಿನ ಮೇಲೆ ಕೂತ ತೊಗರಿ ಧೂಳು ಮಳೆಗಾಲದಲ್ಲಿ ತೇವ ಹೀರಿದರೆ ಅದರ ಮೈಮೇಲೆಯೇ ಕರೆಂಟ್ ಹರಿಯಬಹುದು. ಹಾಗಾಗಿ ಆಗಾಗ ಒಣಬಟ್ಟೆಯಿಂದ ಒರೆಸಿ, ಚೀಲ ತೊಡಿಸಿಡಿ. ಕ್ಲಾಸ್ 0 ರಬ್ಬರ್ ಕೈಗವಸು 1,000 ವೋಲ್ಟ್‌ವರೆಗೆ ಮಾತ್ರ. ಹಾಕುವ ಮುನ್ನ ಕೈಗವಸನ್ನು ಅದರ ಬಾಯಿ ಕಡೆಯಿಂದ ಸುರುಳಿ ಸುತ್ತಿ, ಗಾಳಿ ಸೋರುತ್ತದೆಯೇ ನೋಡಿ. ಹೊರಗಿನ 11 ಕೆವಿ ಟ್ರಾನ್ಸ್‌ಫಾರ್ಮರ್‌ಗೆ ಇವ್ಯಾವೂ ನಡೆಯವು. ಲೈನ್ ಕಡಿತ ಖಚಿತವಾಗದೆ ಹತ್ತಿರ ಹೋಗಬೇಡಿ. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ 108ಕ್ಕೆ ಕರೆ, ತಕ್ಷಣ ಸಿಪಿಆರ್ (ಎದೆ ಒತ್ತುವ ಪ್ರಥಮ ಚಿಕಿತ್ಸೆ): ಎದೆಯ ನಡುವೆ ನಿಮಿಷಕ್ಕೆ 100–120 ಒತ್ತು, 5–6 ಸೆಂ.ಮೀ. ಆಳ.