ಆಸ್ಪತ್ರೆಯವರು ‘98 ಪರ್ಸೆಂಟ್ ಸಕ್ಸೆಸ್’ ಅಂದರೆ ಏನು ಕೇಳಬೇಕು?

ನೀವು ಕೇಳಿರುವುದು ಇಷ್ಟು: ಅಪ್ಪನಿಗೆ ಅಮ್ಮ ಕಿಡ್ನಿ ಕೊಡುತ್ತಿದ್ದಾರೆ. ಬೆಂಗಳೂರಿನ ಒಂದು ಆಸ್ಪತ್ರೆ 98 ಪರ್ಸೆಂಟ್ ಸಕ್ಸೆಸ್ ಅನ್ನುತ್ತದೆ, ಇನ್ನೊಂದು 92 ಅನ್ನುತ್ತದೆ. ಯಾವುದಕ್ಕೆ ಹೋಗಬೇಕು, ಸರ್ಕಾರ ಇದನ್ನೆಲ್ಲ ನೋಡುವುದಿಲ್ವಾ?

ನಾನು ಶಿಡ್ಲಘಟ್ಟದವನು, ರೇಷ್ಮೆ ನೂಲು ತೆಗೆಯುವ ಕೆಲಸ. ಐದು ವರ್ಷದ ಹಿಂದೆ ತಂಗಿಗೆ ನನ್ನ ಒಂದು ಕಿಡ್ನಿ ಕೊಟ್ಟೆ. ನಮಗೂ ಒಂದು ಕಡೆ ಇದೇ 98 ಹೇಳಿದ್ದರು. ‘ಇದು ಯಾವಾಗಿನ ಲೆಕ್ಕ ಮೇಡಂ?’ ಎಂದು ಕೇಳಿದೆ. ಅವರು ಫೈಲ್ ತಿರುವಿ ಹಾಕಿದರು, ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದರು. ‘ಡಿಸ್ಚಾರ್ಜ್ ಆಗುವ ಹೊತ್ತಿಗೆ’ ಎಂದರು. ಅಂದರೆ ನಡೆದುಕೊಂಡು ಮನೆಗೆ ಹೋದವರೆಲ್ಲ ಪಾಸ್! ದೇಹ ಹೊಸ ಕಿಡ್ನಿಯನ್ನು ಒಪ್ಪದೆ ತಿರುಗಿಬೀಳುವುದು, ಸೋಂಕು ಹತ್ತುವುದು, ಇವೆಲ್ಲ ಜಾಸ್ತಿ ಕಾಡುವುದು ಮನೆಗೆ ಬಂದ ಮೇಲಿನ ತಿಂಗಳುಗಳಲ್ಲಿ.

ಹಾಗಾಗಿ ಮೊದಲು ಕೇಳಬೇಕಾದ್ದು, ಒಂದು ವರ್ಷಕ್ಕೆ ಎಷ್ಟು, ಐದು ವರ್ಷಕ್ಕೆ ಎಷ್ಟು ಅಂತ. ರೋಗಿ ಬದುಕಿರುವ ಲೆಕ್ಕವೋ, ಕಿಡ್ನಿ ಕೆಲಸ ಮಾಡುತ್ತಿರುವ ಲೆಕ್ಕವೋ ಅದನ್ನೂ ಕೇಳಿ. ಕಸಿ ಮಾಡಿದ ಕಿಡ್ನಿ ಕೈಕೊಟ್ಟು ಮತ್ತೆ ಡಯಾಲಿಸಿಸ್ ಮಂಚಕ್ಕೆ ಹೋದವರೂ ಬದುಕಿರುತ್ತಾರೆ ಅಲ್ವಾ? ಮೊದಲನೆ ಲೆಕ್ಕದಲ್ಲಿ ಅವರೂ ಸಕ್ಸೆಸ್. ಇನ್ನು ಒಟ್ಟು ಎಷ್ಟು ಜನರಲ್ಲಿ? 25 ಜನರಲ್ಲಿ ಇಬ್ಬರಿಗೆ ಕೈಕೊಟ್ಟರೆ 92, ಒಬ್ಬರಿಗೇ ಆದರೆ 96. ಒಬ್ಬ ಮನುಷ್ಯನಿಂದ ಇಷ್ಟು ಆಚೀಚೆ ಆಗುವಾಗ ಅಂಥ ಸಂಖ್ಯೆ ಹಿಡಿದು ಆಸ್ಪತ್ರೆ ಆರಿಸಬೇಡಿ. ಚೆಕಪ್‌ಗೆ ಬರುವುದನ್ನೇ ಬಿಟ್ಟವರನ್ನು ಯಾವ ಲೆಕ್ಕಕ್ಕೆ ಹಾಕಿದ್ದಾರೆ ಎಂದೂ ಕೇಳಿ.

ಇಷ್ಟೆಲ್ಲ ಕೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ನಮ್ಮ ಕಸುಬಿನಲ್ಲಿ ರೆಂಡಿಟ್ಟಾ ಅನ್ನುತ್ತೇವೆ, ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಅನ್ನುವ ಲೆಕ್ಕ. ಒಳ್ಳೆಯ ಬಿಳಿ ಗೂಡಾದರೆ 6-7 ಕಿಲೋ ಸಾಕು. ಕಳಪೆ ಗೂಡಾದರೆ 9 ಕಿಲೋ ಹಾಕಿದರೂ ನೂಲು ಕಿತ್ತುಕಿತ್ತು ಬರುತ್ತದೆ. ಗೂಡು ನೋಡದೆ ರೆಂಡಿಟ್ಟಾ ಮಾತ್ರ ನೋಡಿ ರೀಲರ್, ಅಂದರೆ ನೂಲು ತೆಗೆಯುವವನು, ಕೆಟ್ಟವನು ಎಂದರೆ ನಾಳೆಯಿಂದ ಕಷ್ಟದ ಲಾಟಿಗೆ ಯಾರೂ ಹರಾಜು ಕೂಗುವುದಿಲ್ಲ. ಆಸ್ಪತ್ರೆಗೂ ಇದೇ ಮಾತು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ವಯಸ್ಸು ಇರುವವರನ್ನು ಧೈರ್ಯವಾಗಿ ಸೇರಿಸಿಕೊಳ್ಳುವ ಕಡೆ 92 ಇರಬಹುದು. ಗಟ್ಟಿಯಾಗಿರುವವರನ್ನಷ್ಟೇ ಆರಿಸಿಕೊಳ್ಳುವ ಕಡೆ 98 ಇರಬಹುದು. ನಿಮ್ಮ ಅಪ್ಪನಂಥ ರೋಗಿಗಳಲ್ಲಿ ಎಷ್ಟು ಎಂದು ಕೇಳಿ.

ಸಂಖ್ಯೆಗೆ ಹೆದರಿ ಕಷ್ಟದ ರೋಗಿಗಳನ್ನು ದೂರ ಇಡುತ್ತಾರೆ ಅನ್ನುವ ಈ ತೊಡಕು ಅಮೆರಿಕದಲ್ಲಿ ಎದ್ದಿದೆ. ಅಲ್ಲಿ ಎಸ್‌ಆರ್‌ಟಿಆರ್ ಎಂಬ ವ್ಯವಸ್ಥೆ ಆರು ತಿಂಗಳಿಗೊಮ್ಮೆ ಪ್ರತಿ ಆಸ್ಪತ್ರೆಯ ಫಲಿತಾಂಶ ಪ್ರಕಟಿಸುತ್ತದೆ. ರೋಗಿ ಎಂಥವರು, ದಾನಿ ಎಂಥವರು ಎಂದು ನೋಡಿ, ಇಷ್ಟು ಜನರಿಗೆ ಕಿಡ್ನಿ ಕೈಕೊಡಬಹುದಿತ್ತು, ನಿಜಕ್ಕೂ ಎಷ್ಟು ಜನರಿಗೆ ಕೈಕೊಟ್ಟಿತು ಎಂದು ಹೋಲಿಸುತ್ತಾರೆ. 2007ರ ನಿಯಮದಲ್ಲಿ, ಒಂದು ವರ್ಷದೊಳಗಿನ ವೈಫಲ್ಯ ನಿರೀಕ್ಷೆಯ ಒಂದೂವರೆ ಪಟ್ಟು ದಾಟಿ, ಇನ್ನೆರಡು ಪರೀಕ್ಷೆಯಲ್ಲೂ ಸಿಕ್ಕಿಬಿದ್ದರೆ ಮೆಡಿಕೇರ್ ಎಂಬ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಿಂದ ಬರುವ ಹಣಕ್ಕೇ ಕುತ್ತು ಬರುತ್ತಿತ್ತು. ಅಷ್ಟು ಹೊಂದಾಣಿಕೆ ಮಾಡಿದರೂ ಆಸ್ಪತ್ರೆಗಳು ಹೆದರಿದವು. ಸ್ವಲ್ಪ ವಯಸ್ಸಾದ ದಾನಿಯ ಕಿಡ್ನಿ ಬೇಡ, ತೊಡಕಿನ ರೋಗಿ ಬೇಡ ಎಂದು ದೂರ ಸರಿದವು ಎಂಬ ದೂರು ಬೆಳೆಯಿತು. ಮತ್ತೆ ಅನುಮತಿ ಪಡೆಯಲು ಈ ಗೆರೆಯೊಳಗೆ ಇರಲೇಬೇಕು ಅನ್ನುವುದನ್ನು 2019ರಲ್ಲಿ ತೆಗೆದರು. ಆದರೆ ಫಲಿತಾಂಶ ಪ್ರಕಟಿಸುವುದನ್ನು ನಿಲ್ಲಿಸಲಿಲ್ಲ.

ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯ್ದೆ ಇದೆ. ನೋಂದಣಿ ಇಲ್ಲದ ಆಸ್ಪತ್ರೆ ಕಸಿ ಮಾಡುವಂತಿಲ್ಲ, ನೋಂದಣಿ 5 ವರ್ಷಕ್ಕೆ. ಥಿಯೇಟರ್, ಐಸಿಯು, ವೈದ್ಯರ ಅರ್ಹತೆ, ದಾನಿಯ ಒಪ್ಪಿಗೆ ಎಲ್ಲಕ್ಕೂ ನಿಯಮ ಇದೆ. ಮೆದುಳು ನಿಷ್ಕ್ರಿಯಗೊಂಡವರ ಅಂಗಗಳ ಹಂಚಿಕೆಯನ್ನು ಜೀವಸಾರ್ಥಕತೆ ಎಂಬ ರಾಜ್ಯದ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ಆದರೆ ಅಮೆರಿಕದ ಹಾಗೆ ಆಸ್ಪತ್ರೆವಾರು ಹೋಲಿಸಿ ನೋಡಲು ನಮ್ಮಂಥವರ ಕೈಗೆ ಏನೂ ಸಿಗುವುದಿಲ್ಲ. ನನಗೆ ನಿಜಕ್ಕೂ ನೋವಾಗುವುದು ಇಲ್ಲೇ. ನಮ್ಮ ಗೂಡಿನ ಮಾರ್ಕೆಟ್‌ನಲ್ಲಿ ದಿನದ ಗರಿಷ್ಠ, ಕನಿಷ್ಠ, ಸರಾಸರಿ ದರ ಎಲ್ಲರಿಗೂ ಗೊತ್ತಾಗುತ್ತದೆ. ಹುಳುವಿನ ಗೂಡಿಗೆ ಇರುವ ಲೆಕ್ಕ ಮನುಷ್ಯನ ಕಿಡ್ನಿಗೆ ಯಾಕಿಲ್ಲ?

ನಾವು ಕೊನೆಗೆ ಹೋದದ್ದು, ‘ನಮ್ಮಲ್ಲಿ ಕಳೆದ ವರ್ಷ ಮೂರು ಫೇಲ್ ಆಯಿತು, ಯಾಕೆ ಅಂದರೆ...’ ಎಂದು ಕೂತು ಹೇಳಿದ ಡಾಕ್ಟರ ಹತ್ತಿರ. ತಂಗಿ ಈಗ ಚೆನ್ನಾಗಿದ್ದಾಳೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.2, ಪ್ರತಿ ಸಲದ್ದನ್ನೂ ಹಳೆಯ ಡೈರಿಯಲ್ಲಿ ಬರೆದಿಡುತ್ತಾಳೆ.

ಒಂದು ಮಾತು ಅಮ್ಮನ ಬಗ್ಗೆ. ಕೊಟ್ಟವರನ್ನು ಆಮೇಲೆ ಯಾರು, ಎಷ್ಟು ವರ್ಷ ನೋಡುತ್ತಾರೆ ಎಂದು ಈಗಲೇ ಕೇಳಿ, ಬರೆಸಿಕೊಳ್ಳಿ. ನನ್ನನ್ನು ಮೂರನೇ ತಿಂಗಳ ನಂತರ ಯಾರೂ ಕರೆಯಲಿಲ್ಲ. ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಈ ಮೂರನ್ನು ನಾನೇ ವರ್ಷಕ್ಕೊಮ್ಮೆ ಊರಿನ ಲ್ಯಾಬಿನಲ್ಲಿ ಮಾಡಿಸಿಕೊಳ್ಳುತ್ತೇನೆ. ಅಮ್ಮನಿಗೂ ತಪ್ಪಿಸಬೇಡಿ.